ಎಳೆ ಪಿಚರ್‌ಗಳನ್ನು ಉಳಿಸಿಕೊಳ್ಳುವ ಮುಂಚೆ ನನ್ನ ಕತೆ ಕೇಳಿ

2024ರ ಏಪ್ರಿಲ್ ಮೊದಲ ವಾರದಲ್ಲೇ ನನ್ನ ಫ್ಯಾಂಟಸಿ ಬೇಸ್‌ಬಾಲ್ ತಂಡ ಮುಗಿದುಹೋಯಿತು. ನಿಜವಾದ ಆಟಗಾರರನ್ನು ನಮ್ಮ ತಂಡಕ್ಕೆ ಆರಿಸಿಕೊಂಡು, ಮೈದಾನದಲ್ಲಿ ಅವರು ಆಡಿದ್ದನ್ನೇ ನಮ್ಮ ಲೆಕ್ಕಕ್ಕೆ ಹಾಕಿಕೊಳ್ಳುವ, ಆರು ತಿಂಗಳು ನಡೆಯುವ ಆಟ. ಶುರುವಾಗಿ ಇನ್ನೂ ಹತ್ತು ದಿನ. ಉಳಿದ ಅಷ್ಟೂ ತಿಂಗಳು ನಾನು ಸುಮ್ನೆ ಹಾಜರಿ ಹಾಕಿಕೊಂಡು ಬಂದೆ. ನೀವೂ ನನ್ನ ಹಾಗೆ ಅಮೆರಿಕದಲ್ಲಿದ್ದು, ಆಫೀಸಿನವರ ಜೊತೆ ಕೀಪರ್ ಲೀಗ್ ಸೇರಿಕೊಂಡು, ಯಾವ ಹುಡುಗ ಪಿಚರ್‌ನ, ಅಂದ್ರೆ ಬೇಸ್‌ಬಾಲ್ ಬೌಲರ್‌ನ, ಇಟ್ಟುಕೊಳ್ಳಲಿ ಅಂತ ಲೆಕ್ಕ ಹಾಕುತ್ತಿದ್ದರೆ, ಪಟ್ಟಿ ಕೊಡುವ ಮುಂಚೆ ಇದನ್ನೊಮ್ಮೆ ಓದಿ.

ಕೀಪರ್ ಅಂದ್ರೆ ವಿಕೆಟ್ ಕೀಪರ್ ಅಲ್ಲ. ಐಪಿಎಲ್ ಹರಾಜಿಗೆ ಮುಂಚೆ ತಂಡಗಳು ಕೆಲವರನ್ನು ರಿಟೇನ್ ಮಾಡಿಕೊಳ್ಳುತ್ತವಲ್ಲ, ಅದೇ ಲೆಕ್ಕ. ನಮ್ಮ ಲೀಗಿನಲ್ಲಿ ಹನ್ನೆರಡು ಜನ. ಪ್ರತಿಯೊಬ್ಬರೂ ಹಿಂದಿನ ವರ್ಷದ ತಂಡದಿಂದ ನಾಲ್ಕು ಜನರನ್ನು ಉಳಿಸಿಕೊಳ್ಳಬಹುದು. ಪುಕ್ಕಟೆ ಅಲ್ಲ. ದೊಡ್ಡ ಹೆಸರಿನವನನ್ನು ಇಟ್ಟುಕೊಂಡರೆ ಸರದಿಯಂತೆ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟಿನ ಮೊದಲ ಸುತ್ತುಗಳಲ್ಲಿ ಒಂದನ್ನು ಬಿಟ್ಟುಕೊಡಬೇಕು. ಸೀಸನ್ ಮಧ್ಯೆ ಯಾರಿಗೂ ಬೇಡವಾಗಿದ್ದಾಗ ಎತ್ತಿಕೊಂಡವನಾದರೆ ಕೊನೆಯ ಸುತ್ತುಗಳಲ್ಲೊಂದು ಹೋಗುತ್ತದೆ, ಅಷ್ಟೇ.

ನಾನಿರುವುದು ಅಟ್ಲಾಂಟಾ ಪಕ್ಕದ ಆಲ್ಫರೆಟಾದಲ್ಲಿ. ಇಲ್ಲಿರುವವನಿಗೆ ಬ್ರೇವ್ಸ್ ತಂಡ ಮನೆಯವರಿದ್ದ ಹಾಗೆ. 2023ರಲ್ಲಿ ಬ್ರೇವ್ಸ್‌ನ ಸ್ಪೆನ್ಸರ್ ಸ್ಟ್ರೈಡರ್ 20 ಪಂದ್ಯ ಗೆದ್ದ (ಇಲ್ಲಿ ಗೆಲುವು ಸೋಲನ್ನು ಪಿಚರ್ ಹೆಸರಿಗೂ ಬರೆಯುತ್ತಾರೆ), 281 ಸ್ಟ್ರೈಕ್‌ಔಟ್ ಮಾಡಿದ, ಅಂದ್ರೆ ಅಷ್ಟು ಸಲ ಬ್ಯಾಟರ್‌ನನ್ನು ಬರೀ ಎಸೆತದಿಂದಲೇ ಔಟ್ ಮಾಡಿದ. ಎರಡರಲ್ಲೂ ಆ ವರ್ಷ ಅವನೇ ಮೊದಲು. ವಯಸ್ಸು ಇನ್ನೂ 24. ದಪ್ಪ ಮೀಸೆ, ಸೈಕಲ್ ಹೊಡೆಯುವವರಂಥ ತೊಡೆ, 97 ಮೈಲಿ ವೇಗ. ಮಗನನ್ನು ಕರೆದುಕೊಂಡು ಬ್ರೇವ್ಸ್ ಮೈದಾನ ಟ್ರೂಯಿಸ್ಟ್ ಪಾರ್ಕಿಗೆ ಹೋದಾಗ ಅವನು ಒಬ್ಬೊಬ್ಬ ಬ್ಯಾಟರ್‌ನನ್ನು ವಾಪಸ್ ಕಳಿಸುವುದನ್ನು ನೋಡಿ, ಇವನನ್ನು ಬಿಡುವ ಮಾತೇ ಇಲ್ಲ ಅಂದುಕೊಂಡಿದ್ದೆ. ಬರುವಾಗ ಅವನ 99 ನಂಬರಿನ ಅಂಗಿಯನ್ನೂ ತಂದೆವು.

ಹೀಗಾಗಿ 2024ಕ್ಕೆ ನಾನು ಕೊಟ್ಟ ಪಟ್ಟಿ ಇದು. ಬ್ಯಾಟರ್‌ಗಳಲ್ಲಿ ರೊನಾಲ್ಡ್ ಅಕೂನ್ಯಾ, ಮೊದಲ ಸುತ್ತು. ಸ್ಟ್ರೈಡರ್, ಎರಡನೇ ಸುತ್ತು. ಆಮೇಲೆ ಕೊನೆಯ ಸುತ್ತುಗಳಿಗೆ ಮಯಾಮಿಯ ಯೂರಿ ಪೆರೆಸ್ ಮತ್ತು ಲಾಸ್ ಏಂಜಲೀಸ್ ಡಾಡ್ಜರ್ಸ್‌ನ ಬಾಬಿ ಮಿಲ್ಲರ್. ಪೆರೆಸ್ ಆರಡಿ ಎಂಟಿಂಚಿನ ಹುಡುಗ, 2023ರ ಮೇನಲ್ಲಿ ಇಪ್ಪತ್ತನೇ ವಯಸ್ಸಿಗೇ ದೊಡ್ಡ ಲೀಗಿಗೆ ಬಂದವನು. 91 ಇನ್ನಿಂಗ್ಸ್‌ನಲ್ಲಿ (ಇಲ್ಲಿ ಒಂದು ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್) 108 ಸ್ಟ್ರೈಕ್‌ಔಟ್. ಮಿಲ್ಲರ್ 99 ಮೈಲಿ ಆಸುಪಾಸಿನಲ್ಲಿ ಎಸೆಯುತ್ತಿದ್ದ, ಮೊದಲ ವರ್ಷವೇ 11 ಗೆಲುವು, 4 ಸೋಲು. ನಾಲ್ವರಲ್ಲಿ ಮೂವರು ಎಳೆ ಪಿಚರ್‌ಗಳು. ಹನ್ನೆರಡು ಜನರಲ್ಲಿ ನಾನೇ ಬುದ್ಧಿವಂತ ಅಂತ ಬೀಗಿದ್ದೆ.

ಇವರಿಗೆ ಜಾಗ ಮಾಡಲು ಇಬ್ಬರನ್ನು ಕೈಬಿಟ್ಟೆ. ಇದನ್ನು ಬರೆಯುವಾಗ ಈಗಲೂ ಹೊಟ್ಟೆ ಉರಿಯುತ್ತದೆ. ಒಬ್ಬ ಸಿನ್ಸಿನಾಟಿಯ ಎಲಿ ಡೆ ಲಾ ಕ್ರೂಸ್. 2023ರಲ್ಲಿ 98 ಪಂದ್ಯಕ್ಕೆ 144 ಸಲ ಸ್ಟ್ರೈಕ್‌ಔಟ್ ಆಗಿದ್ದ. ಬೀಸಿದ್ದೆಲ್ಲ ಗಾಳಿಗೆ ಅಂತ ಬಿಟ್ಟೆ. ಇನ್ನೊಬ್ಬ ಡೆಟ್ರಾಯಿಟಿನ ಟಾರಿಕ್ ಸ್ಕೂಬಲ್. ಅವನೂ ಪಿಚರ್ರೇ. ಆದರೆ 2022ರಲ್ಲಿ ಮುಂಗೈ ಸ್ನಾಯುರಜ್ಜಿಗೆ ಆಪರೇಷನ್ ಆಗಿ, 2023ರ ಜುಲೈನಲ್ಲಷ್ಟೇ ವಾಪಸ್ ಬಂದವನು. ವಯಸ್ಸು 27. ರಿಪೇರಿ ಗಾಡಿ ಯಾರಿಗೆ ಬೇಕು, ಶೋರೂಮಿನ ಗಾಡಿ ಇರುವಾಗ ಅಂದುಕೊಂಡೆ.

ನಮ್ಮ ಲೀಗಿನಲ್ಲಿ ಒಬ್ಬ ಹಿರಿಯ ಸಹೋದ್ಯೋಗಿ ಇದ್ದಾನೆ, ಇಪ್ಪತ್ತು ವರ್ಷದಿಂದ ಆಡುತ್ತಿರುವವನು. ನನ್ನ ಪಟ್ಟಿ ನೋಡಿ ಹುಬ್ಬೇರಿಸಿದ. ಭರವಸೆಯ ಎಳೆ ಪಿಚರ್ ಅನ್ನೋ ಪ್ರಾಣಿಯೇ ಜಗತ್ತಿನಲ್ಲಿಲ್ಲ ಅಂತ ಈ ಆಟದಲ್ಲಿ ಹಳೇ ಮಾತೊಂದಿದೆ. ಅದನ್ನು ಹೇಳಿ ಕಾಫಿ ತರಲು ಹೋದ. ನಾನು ನಕ್ಕೆ. ನಾನು ಬಿಟ್ಟ ಇಬ್ಬರನ್ನೂ ಡ್ರಾಫ್ಟಿನಲ್ಲಿ ಎತ್ತಿಕೊಂಡವನು ಅವನೇ.

ಮೊದಲ ಸೂಚನೆ ಮಾರ್ಚ್‌ನಲ್ಲೇ ಬಂತು. ಅಭ್ಯಾಸ ಪಂದ್ಯಗಳ ಸಮಯದಲ್ಲಿ ಪೆರೆಸ್‌ಗೆ ಉಗುರು ಸೀಳಿದೆ ಅಂದರು. ಉಗುರು ತಾನೇ ಅಂದುಕೊಂಡೆ. ಆಮೇಲೆ ಮೊಣಕೈ ನೋವು ಅಂದರು. ಅಷ್ಟರಲ್ಲಿ ನಮ್ಮ ಪಟ್ಟಿ ಬೀಗ ಹಾಕಿಯಾಗಿತ್ತು. ನಮ್ಮ ಲೀಗಿನ ಕೊನೆ ದಿನ ಮಾರ್ಚ್ 1. ಪಿಚರ್‌ಗಳು ಸರಿಯಾಗಿ ಕೈ ಬಿಚ್ಚಿ ಎಸೆಯುವ ಮುಂಚೆಯೇ ಅವರ ಕೈ ಮೇಲೆ ಬಾಜಿ ಕಟ್ಟಿದ್ದೆವು ಅಂತಾಯ್ತು.

ಏಪ್ರಿಲ್ 4, ಗುರುವಾರ. ಮೀಟಿಂಗಿನಲ್ಲಿ ಕೂತಿದ್ದಾಗ ಫೋನ್ ಅಲ್ಲಾಡಿತು. ಪೆರೆಸ್‌ಗೆ ಟಾಮಿ ಜಾನ್ ಆಪರೇಷನ್ (ಮೊಣಕೈಯ ಹರಿದ ಲಿಗಮೆಂಟ್ ಸರಿಮಾಡುವುದು), ಈ ವರ್ಷ ಪೂರ್ತಿ ಇಲ್ಲ. ಸರಿ, ಕೊನೆಯ ಸುತ್ತಿನವನು ಹೋದ, ಹೋಗಲಿ ಅಂದುಕೊಂಡೆ.

ಏಪ್ರಿಲ್ 5, ಶುಕ್ರವಾರ. ಬ್ರೇವ್ಸ್ ಊರಿನಲ್ಲಿ ಆಡಿದ ಮೊದಲ ಪಂದ್ಯ, ಎದುರಾಳಿ ಅರಿಜೋನಾ. ಸ್ಟ್ರೈಡರ್ ಎಸೆತ. ಮನೆಯಲ್ಲಿ ಟೀವಿ ಮುಂದೆ ನಾನು, ಮಗ. ನಾಲ್ಕು ಇನ್ನಿಂಗ್ಸ್ ಆಡಿದ, ರನ್‌ಗಳನ್ನೂ ಬಿಟ್ಟುಕೊಟ್ಟ. ಐದನೆಯದಕ್ಕೆ ಬರಲಿಲ್ಲ. ಪಂದ್ಯ ಮುಗಿದ ಮೇಲೆ ಮೊಣಕೈ ನೋವು ಅಂತ ಸುದ್ದಿ. ಬ್ರೇವ್ಸ್ ಆ ಪಂದ್ಯ ಗೆದ್ದರು. ಗೆದ್ದರೂ ಬೇಜಾರಾದ ಅಟ್ಲಾಂಟಾದ ಒಬ್ಬನೇ ಮನುಷ್ಯ ನಾನಿರಬೇಕು.

ಶನಿವಾರ ಎಂಆರ್‌ಐ. ಮೊಣಕೈ ಒಳಬದಿಯ ಲಿಗಮೆಂಟಿಗೆ ಪೆಟ್ಟು. ಅದೇ ದಿನ ಕ್ಲೀವ್‌ಲ್ಯಾಂಡಿನ ಶೇನ್ ಬೀಬರ್‌ಗೂ ಟಾಮಿ ಜಾನ್ ಅಂತ ಬಂತು. ಅವನು ನನ್ನ ತಂಡದವನಲ್ಲ. ಬೇರೆಯವರೂ ನರಳುತ್ತಿದ್ದಾರಲ್ಲ ಅಂತ ಒಂದು ಗಳಿಗೆ ಸಮಾಧಾನವಾಯಿತು. ಸುಳ್ಳು ಯಾಕೆ ಹೇಳಲಿ.

ಭಾನುವಾರ ಊರಿಂದ ಅಪ್ಪನ ಫೋನು. ಅವರಿಗೆ ಬೇಸ್‌ಬಾಲ್ ಗೊತ್ತಿಲ್ಲ, ಅವರದ್ದು ಆರ್‌ಸಿಬಿ. ಐದು ದಿನದ ಹಿಂದೆ, ಏಪ್ರಿಲ್ 2ರಂದು, ಚಿನ್ನಸ್ವಾಮಿಯಲ್ಲಿ ಲಖನೌ ತಂಡದ ಮಯಾಂಕ್ ಯಾದವ್ 156.7 ಕಿಲೋಮೀಟರ್ ವೇಗದಲ್ಲಿ ಹಾಕಿ, 14 ರನ್ನಿಗೆ ಮೂರು ವಿಕೆಟ್ ತೆಗೆದು ನಮ್ಮವರನ್ನು ಕೆಡವಿದ್ದ. ಅಪ್ಪ ಅವತ್ತು ಬೈದುಕೊಂಡೇ ಹೊಗಳಿದ್ದರು. ಈಗ ದನಿ ಮೆತ್ತಗಿತ್ತು. "ಆ ಹುಡುಗ ಇವತ್ತು ಒಂದೇ ಓವರ್ ಹಾಕಿ ಪಕ್ಕೆ ಹಿಡ್ಕೊಂಡು ಹೊರಗೆ ಹೋದ ಕಣೋ. ಅಷ್ಟು ಜೋರಾಗಿ ಹಾಕಿದ್ರೆ ಮೈ ತಡೆಯೋದು ಹೆಂಗೆ?"

ಫೋನಿಟ್ಟು ಲೆಕ್ಕ ಹಾಕಿದೆ. 156.7 ಕಿಲೋಮೀಟರ್ ಅಂದ್ರೆ ಗಂಟೆಗೆ 97 ಮೈಲಿ ಚಿಲ್ಲರೆ. ಸ್ಟ್ರೈಡರ್ ದಿನಾ ಎಸೆಯುತ್ತಿದ್ದ ವೇಗ. ಮಯಾಂಕ್‌ನ ಅತಿ ಜೋರಿನ ಎಸೆತ ಇವನಿಗೆ ಮಾಮೂಲಿ ಎಸೆತ. ಬೌಲರ್‌ಗೆ ಓಡಿ ಬರುವ ರಭಸ ಇರುತ್ತದೆ. ಪಿಚರ್ ನಿಂತಲ್ಲಿಂದ ಒಂದು ಹೆಜ್ಜೆ ಚಾಚಿ ಎಸೆಯುತ್ತಾನೆ, ಕೈ ಮಡಿಸಿ ಬೀಸುತ್ತಾನೆ, ಆ ಬಿರುಸೆಲ್ಲ ಮೊಣಕೈ ಮೇಲೆ. ಒಂದು ಪಂದ್ಯಕ್ಕೆ ತೊಂಬತ್ತು ನೂರು ಸಲ.

ಸೋಮವಾರ ಸೂರ್ಯಗ್ರಹಣ. ಮಂಗಳವಾರ ಯುಗಾದಿ, ಹೊಸ ಸಂವತ್ಸರದ ಹೆಸರು ಕ್ರೋಧಿ. ಆ ಸಲ ನನ್ನ ತಟ್ಟೆಯಲ್ಲಿ ಬೆಲ್ಲ ಇತ್ತೋ ಇಲ್ಲವೋ ನೆನಪಿಲ್ಲ. ಅದೇ ವಾರದ ಕೊನೆಯಲ್ಲಿ ಸ್ಟ್ರೈಡರ್‌ಗೆ ಆಪರೇಷನ್ ಆಗಿ, ವರ್ಷ ಮುಗಿಯಿತು. ಎರಡೇ ಎರಡು ಪಂದ್ಯಕ್ಕೆ ಎರಡನೇ ಸುತ್ತು ಕೊಟ್ಟ ಹಾಗಾಯಿತು.

ಮಿಲ್ಲರ್ ಕತೆ ಬೇರೆ, ಅದು ಇನ್ನೂ ಕೆಟ್ಟದ್ದು. ಮೊದಲ ಪಂದ್ಯದಲ್ಲೇ ಆರು ಇನ್ನಿಂಗ್ಸ್‌ಗೆ 11 ಸ್ಟ್ರೈಕ್‌ಔಟ್ ಮಾಡಿ ನನ್ನನ್ನು ಮಂಗ ಮಾಡಿದ. ಆಮೇಲೆ ಭುಜ ನೋವು ಅಂತ ಹೊರಗೆ ಕೂತ, ವಾಪಸ್ ಬಂದು ಚಚ್ಚಿಸಿಕೊಂಡ, ಜುಲೈನಲ್ಲಿ ಕೆಳಗಿನ ಲೀಗಿಗೆ ಹೋದ. ಒಂಬತ್ತು ಇನ್ನಿಂಗ್ಸ್‌ಗೆ ಬಿಟ್ಟುಕೊಟ್ಟ ರನ್ ಸರಾಸರಿ 8.52. ಕೈ ಮುರಿದವನು ತಂಡಕ್ಕೆ ಸೊನ್ನೆ ಕೊಡುತ್ತಾನೆ. ಇವನು ಸಾಲ ತಂದ.

ಅತ್ತ ಎಲಿ 25 ಹೋಮ್‌ರನ್ ಹೊಡೆದು 67 ಬೇಸ್ ಕದ್ದ (ಪಿಚರ್ ಎಸೆಯುವಷ್ಟರಲ್ಲಿ ಮುಂದಿನ ಬೇಸಿಗೆ ಓಡಿಬಿಡುವುದು), ಕದಿಯುವುದರಲ್ಲಿ ಇಡೀ ಲೀಗಿಗೆ ಮೊದಲು. ನನ್ನ 'ರಿಪೇರಿ ಗಾಡಿ' ಸ್ಕೂಬಲ್ 18 ಗೆಲುವು, 4 ಸೋಲು, ಸರಾಸರಿ 2.39, ಸ್ಟ್ರೈಕ್‌ಔಟ್ 228. ದೊಡ್ಡ ಲೀಗಿನ ಎರಡು ಭಾಗಗಳಲ್ಲಿ ಒಂದಾದ ಅಮೆರಿಕನ್ ಲೀಗಿನಲ್ಲಿ ಗೆಲುವು, ಸರಾಸರಿ, ಸ್ಟ್ರೈಕ್‌ಔಟ್ ಮೂರರಲ್ಲೂ ಒಂದನೇ ಸ್ಥಾನ, ಮೇಲೆ ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ. ಮುಂದಿನ ವರ್ಷ ಮತ್ತೊಮ್ಮೆ ಅದೇ ಪ್ರಶಸ್ತಿ.

ಬ್ಯಾಟರ್‌ಗಳಿಗೆ ಏನೂ ಆಗುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಮೇ 26ರಂದು ಪಿಟ್ಸ್‌ಬರ್ಗ್‌ನಲ್ಲಿ ಅಕೂನ್ಯಾನ ಎಡ ಮಂಡಿಯ ಲಿಗಮೆಂಟ್ ಹರಿಯಿತು. ನಾಲ್ಕಕ್ಕೆ ನಾಲ್ಕೂ ಹೋದವು. ಆದರೆ ಅದು ಹಣೆಬರಹ. ಪಿಚರ್‌ಗಳದ್ದು ಹಣೆಬರಹ ಅಲ್ಲ, ಕಣ್ಣೆದುರೇ ಇದ್ದ ಲೆಕ್ಕ.

ಆ ಲೆಕ್ಕ ನೋಡಿ. ಟಾಮಿ ಜಾನ್ ಅನ್ನುವುದು ಒಬ್ಬ ಪಿಚರ್‌ನ ಹೆಸರು. 1974ರಲ್ಲಿ ಡಾಕ್ಟರ್ ಫ್ರ್ಯಾಂಕ್ ಜೋಬ್ ಮೈಯ ಬೇರೆ ಕಡೆಯಿಂದ ತೆಗೆದ ಸ್ನಾಯುರಜ್ಜನ್ನು ಅವನ ಮೊಣಕೈಗೆ ಹೆಣೆದು ಕೂರಿಸಿದರು. ಆ ಕಾಲಕ್ಕೆ ಅದು ಪವಾಡ. ಈಗ ಹಲ್ಲು ಕೀಳಿಸಿದಷ್ಟೇ ಮಾಮೂಲಿ ಮಾತಾಗಿದೆ. ಮೇಜರ್ ಲೀಗ್ ಬೇಸ್‌ಬಾಲ್‌ನವರೇ 2024ರ ಡಿಸೆಂಬರಿನಲ್ಲಿ ಒಂದು ವರದಿ ಹೊರತಂದರು. 2008ರಲ್ಲಿ ಫಾಸ್ಟ್‌ಬಾಲ್‌ನ ಸರಾಸರಿ ವೇಗ 91.3 ಮೈಲಿ, 2024ರಲ್ಲಿ 94.2. ಗಾಯಾಳು ಪಟ್ಟಿಗೆ ಪಿಚರ್‌ಗಳನ್ನು ಹಾಕಿದ್ದು 2005ರಲ್ಲಿ 212 ಸಲ, 2024ರಲ್ಲಿ 485 ಸಲ. ಹೆಚ್ಚು ವೇಗ, ಹೆಚ್ಚು ತಿರುವು, ಪ್ರತಿ ಎಸೆತಕ್ಕೂ ಮೈಯ ಪೂರ್ತಿ ಶಕ್ತಿ. ಕೈ ಹಾಳಾಗುವುದು ಇದರಿಂದಲೇ ಅನ್ನುವುದು ಅದರ ಸಾರ. ಅಂದ್ರೆ ನಾವು ಯಾವ ಗುಣ ನೋಡಿ ಹುಡುಗನನ್ನು ಇಟ್ಟುಕೊಳ್ಳುತ್ತೇವೋ ಅವನನ್ನು ಆಪರೇಷನ್ ಟೇಬಲ್ಲಿಗೆ ಕಳಿಸುವುದೂ ಅದೇ ಗುಣ.

ನನ್ನ ಎರಡನೇ ತಪ್ಪು ಹೇಳದಿದ್ದರೆ ಈ ಬರಹ ಅರ್ಧ ಸುಳ್ಳು. 2025ಕ್ಕೂ ಸ್ಟ್ರೈಡರ್‌ನನ್ನೇ ಇಟ್ಟುಕೊಂಡೆ. ಅದೇ ಎರಡನೇ ಸುತ್ತಿಗೆ! ಒಂದು ವರ್ಷ ಕಾದಿದ್ದೇನಲ್ಲ, ಈಗ ಬಿಟ್ಟರೆ ಕಾದದ್ದೆಲ್ಲ ದಂಡ ಅನ್ನಿಸಿತು. ಚೀಟಿಯಲ್ಲಿ ದುಡ್ಡು ಕಳೆದುಕೊಂಡವನು ಅದೇ ಚೀಟಿಗೆ ಮತ್ತೆ ಕಟ್ಟಿದ ಹಾಗೆ. ಏಪ್ರಿಲ್ ಮಧ್ಯದಲ್ಲಿ ಬಂದ, ಒಂದು ಪಂದ್ಯ ಆಡಿದ, ತೊಡೆಯ ಸ್ನಾಯು ಹಿಡಿದುಕೊಂಡು ಮತ್ತೆ ಒಂದು ತಿಂಗಳು ಕೂತ. ಆಮೇಲೆ ಬಂದವನ ವೇಗ 95ರ ಸುತ್ತ ಬಂದು ನಿಂತಿತ್ತು. ವರ್ಷದ ಕೊನೆಗೆ 7 ಗೆಲುವು, 14 ಸೋಲು. ವೈದ್ಯರು ಕೈ ಸರಿಯಾಗಿದೆ ಅಂದ ಮಾತ್ರಕ್ಕೆ ಹಳೇ ಬೌಲಿಂಗ್ ವಾಪಸ್ ಬರುವುದಿಲ್ಲ ಅಂತ ನಮ್ಮ ಕ್ರಿಕೆಟ್ ನೋಡಿದ ನನಗೆ ಗೊತ್ತಿರಬೇಕಿತ್ತು, ಅಲ್ವಾ?

ಹಾಗಾದ್ರೆ ಎಳೆ ಪಿಚರ್‌ಗಳೇ ಬೇಡವಾ? ನಮ್ಮ ಲೀಗಿನಲ್ಲೇ ಒಬ್ಬಳು ಪಿಟ್ಸ್‌ಬರ್ಗಿನ ಪಾಲ್ ಸ್ಕೀನ್ಸ್‌ನನ್ನು ಅವನು ಇನ್ನೂ ಕೆಳಗಿನ ಲೀಗಿನಲ್ಲಿದ್ದಾಗಲೇ ಕೊನೆಯ ಸುತ್ತಿನಲ್ಲಿ ಎತ್ತಿಕೊಂಡಿದ್ದಳು. 2024ರಲ್ಲಿ ಸರಾಸರಿ 1.96, 2025ರಲ್ಲಿ 1.97, ಸೈ ಯಂಗ್ ಪ್ರಶಸ್ತಿ. ಅವನೂ 98 ಮೈಲಿಯವನೇ. ನಾಳೆ ಅವನ ಕೈ ಹೋದರೂ ಅವಳು ಕಳೆದುಕೊಳ್ಳುವುದು ಕೊನೆಯ ಸುತ್ತಿನ ಒಂದು ಆಯ್ಕೆ. ನಾನು ಪೆರೆಸ್‌ನನ್ನು ಇಟ್ಟುಕೊಂಡದ್ದು ಈ ಲೆಕ್ಕದಲ್ಲಿ ತಪ್ಪೇ ಅಲ್ಲ. ಸ್ಟ್ರೈಡರ್‌ಗೆ ತೆತ್ತ ಬೆಲೆ ತಪ್ಪು. ಅಗ್ಗದಲ್ಲಿ ಬಂದಿದ್ದ ಎಲಿಯನ್ನು ಬಿಟ್ಟು ಮಿಲ್ಲರ್‌ಗೆ ಜಾಗ ಕೊಟ್ಟದ್ದು ಅದಕ್ಕಿಂತ ದೊಡ್ಡ ತಪ್ಪು.

ಒಮ್ಮೆ ಆಪರೇಷನ್ ಆದವನ ಕೈ ಗಟ್ಟಿ ಅನ್ನುವ ಮಾತನ್ನೂ ನಂಬಬೇಡಿ. ಸ್ಕೂಬಲ್‌ನನ್ನು ನೋಡಿದರೆ ಹೌದು ಅನ್ನಿಸುತ್ತದೆ. ಆದರೆ ಸ್ಟ್ರೈಡರ್‌ಗೂ 2019ರಲ್ಲಿ ಕಾಲೇಜಿನಲ್ಲಿದ್ದಾಗಲೇ ಟಾಮಿ ಜಾನ್ ಆಗಿತ್ತು. ನಾನು ಅದನ್ನು ಓದಿಯೇ ಇದ್ದೆ, 'ಸದ್ಯ, ಒಂದು ಕಂಟಕ ಕಳೆದಿದೆ' ಅಂತ ಅಂದುಕೊಂಡೂ ಇದ್ದೆ.

ಇನ್ನೊಂದು, ಯಾರೂ ಹೇಳದೆ ಬಿಡುವ ವಿಷಯ. ನಿಮ್ಮ ಲೀಗಿನಲ್ಲಿ ಗಾಯಾಳುಗಳಿಗೆ ಎಷ್ಟು ಜಾಗ ಇದೆ ಅಂತ ಮೊದಲು ನೋಡಿ. ನಮ್ಮಲ್ಲಿ ಎರಡೇ. ಟಾಮಿ ಜಾನ್ ಆದವನು ವಾಪಸ್ ಬರಲು ಒಂದು ವರ್ಷದ ಮೇಲೆ ಬೇಕು. ಪೆರೆಸ್ ಬಂದದ್ದು 2025ರ ಜೂನ್‌ನಲ್ಲಿ. ಅಲ್ಲಿಯವರೆಗೆ ಅವನಿಗೊಂದು ಜಾಗ, ಸ್ಟ್ರೈಡರ್‌ಗೊಂದು. ಮಿಲ್ಲರ್ ಭುಜ ಹಿಡಿದು ಕೂತಾಗ ಅವನು ಆಡುವವರ ಕುರ್ಚಿಯಲ್ಲೇ ಕೂತ, ಅಕೂನ್ಯಾ ಬಿದ್ದಾಗ ಅವನೂ. ಹೊಸಬರನ್ನು ಎತ್ತಿಕೊಳ್ಳೋಣ ಅಂದ್ರೆ ಮನೆ ತುಂಬ ಮಲಗಿದ ನೆಂಟರು.

ನಮ್ಮ ಲೀಗಿನಲ್ಲಿ ಕೊನೆಗೆ ಬಂದವರು ಎಲ್ಲರಿಗೂ ಊಟ ಹಾಕಬೇಕು. 2024ರ ಅಕ್ಟೋಬರಿನಲ್ಲಿ ಹನ್ನೆರಡು ಜನಕ್ಕೆ ಬಿಸಿಬೇಳೆಬಾತ್ ಹೊತ್ತುಕೊಂಡು ಆಫೀಸಿಗೆ ಹೋದೆ. ಆ ಹಿರಿಯ ಎರಡು ಸಲ ಹಾಕಿಸಿಕೊಂಡ. ಆ ಊಟದಲ್ಲೇ ಕಾಡಿ ಬೇಡಿ ಪಟ್ಟಿ ಕೊಡುವ ಕೊನೆ ದಿನವನ್ನು ಮಾರ್ಚ್ 1ರಿಂದ ಮಾರ್ಚ್ 20ಕ್ಕೆ ಮುಂದೂಡಿಸಿದೆ. ನಿಮ್ಮ ಲೀಗಿನಲ್ಲೂ ಕೇಳಿ ನೋಡಿ. ಮೂರು ವಾರದ ಅಭ್ಯಾಸ ಪಂದ್ಯ ನೋಡಿದರೆ ವೇಗ ಇಳಿದಿದೆಯಾ, ಉಗುರು ಸೀಳಿದೆಯಾ, ಅಷ್ಟಾದರೂ ಗೊತ್ತಾಗುತ್ತದೆ.

ಈ ಸಲ ನನ್ನ ನಾಲ್ವರಲ್ಲಿ ಪಿಚರ್ ಒಬ್ಬನೇ. ಪೆರೆಸ್, ಕೊನೆಯ ಸುತ್ತಿಗೆ. ಸ್ಟ್ರೈಡರ್‌ನನ್ನು ಬಿಟ್ಟೆ ಅಂತ ಹೇಳಿದಾಗ ಮಗ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. 99 ನಂಬರಿನ ಅಂಗಿ ಅವನಿಗೆ ಈಗ ಸರಿಯಾಗಿ ಆಗುತ್ತದೆ, ಸ್ಕೂಲಿಗೂ ಅದನ್ನೇ ಹಾಕಿಕೊಂಡು ಹೋಗುತ್ತಾನೆ.