ಆರ್ಡುಯಿನೊ ಕಲಿಕೆ ಕಿಟ್: ಮಲೆನಾಡಿನ ಮಕ್ಕಳಿಗೆ ಕೊಡಿಸಬಹುದೇ?

ಆರ್ಡುಯಿನೊ ಎಂದರೆ ಪ್ರೋಗ್ರಾಮ್ ಬರೆದು ಹಾಕಿದರೆ ದೀಪ, ಸೆನ್ಸರ್‌ಗಳನ್ನು ನಡೆಸುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್. ಅದರ ಕಲಿಕೆ ಕಿಟ್ ಅನ್ನು ಎಂಟನೇ ಕ್ಲಾಸ್ ಮುಟ್ಟಿದ ಮಕ್ಕಳಿಗೆ ಧಾರಾಳವಾಗಿ ಕೊಡಿಸಿ. ಆದರೆ ಡಬ್ಬಿಯಲ್ಲಿರುವುದೆಲ್ಲ ತೀರ್ಥಹಳ್ಳಿ, ಹೊಸನಗರದ ಜಡಿಮಳೆಗೆ ತಡೆಯುವುದಿಲ್ಲ.

ಯೂನೊ ಎಂಬ ಆರ್ಡುಯಿನೊ ಬೋರ್ಡ್, ಬೆಸುಗೆಯಿಲ್ಲದೆ ಬಿಡಿಭಾಗ ಸಿಕ್ಕಿಸುವ ಬ್ರೆಡ್‌ಬೋರ್ಡ್, ಅವನ್ನು ಜೋಡಿಸುವ ಜಂಪರ್ ವೈರ್, ಎಲ್‌ಇಡಿ, ರೆಸಿಸ್ಟರ್, ನಾಲ್ಕೈದು ಸೆನ್ಸರ್ ಸಾಮಾನ್ಯವಾಗಿ ಇರುತ್ತವೆ. ಯುಎಸ್‌ಬಿ ಕೇಬಲ್ ಸಿಕ್ಕಿಸಿದರೂ ಕಂಪ್ಯೂಟರ್‌ನಲ್ಲಿ ಬೋರ್ಡ್‌ನ ಪೋರ್ಟ್ ಕಾಣಿಸದಿದ್ದರೆ ಬೋರ್ಡ್ ಕೆಟ್ಟಿದೆ ಎಂದು ಹಿಂದಿರುಗಿಸಬೇಡಿ. ಅಗ್ಗದ ಬೋರ್ಡ್‌ಗಳಲ್ಲಿ ಕಂಪ್ಯೂಟರ್ ಜೊತೆ ಮಾತಾಡಲು ಹೆಚ್ಚಾಗಿ ಸಿಎಚ್340 ಚಿಪ್ ಇರುತ್ತದೆ, ಅದರ ಡ್ರೈವರ್ ತಂತ್ರಾಂಶವನ್ನು ಕಂಪ್ಯೂಟರ್‌ಗೆ ಹಾಕಿ ನೋಡಿ. ಕೇಬಲ್ ಬರೀ ಚಾರ್ಜಿಂಗ್‌ನದ್ದಾಗಿದ್ದರೂ ಹೀಗೇ ಆಗುತ್ತದೆ.

ಕೊಟ್ಟ ದುಡ್ಡು ವಸೂಲಾಗುವುದು ಎಚ್‌ಸಿ-ಎಸ್‌ಆರ್04 ಅಲ್ಟ್ರಾಸಾನಿಕ್ ಸೆನ್ಸರ್ ಒಂದರಿಂದಲೇ. ಕಿವಿಗೆ ಕೇಳದ ಶಬ್ದ ಬಿಟ್ಟು, ಅದರ ಪ್ರತಿಧ್ವನಿ ಬರುವ ಹೊತ್ತಿನಿಂದ ಇದು ದೂರ ಅಳೆಯುತ್ತದೆ. ನೀರಿನ ಟ್ಯಾಂಕಿನ ಬಾಯಿಗೆ ಕೆಳಮುಖವಾಗಿ ಕಟ್ಟಿದರೆ ನೀರು ಎಷ್ಟು ಕೆಳಗಿದೆ ಎಂದು ಹೇಳುತ್ತದೆ. ಶಬ್ದ ಹೋಗಿ ಬರಲು 2915 ಮೈಕ್ರೊಸೆಕೆಂಡ್ ಹಿಡಿಯಿತು ಎನ್ನಿ. ಶಬ್ದ ಒಂದು ಮೈಕ್ರೊಸೆಕೆಂಡಿಗೆ 0.0343 ಸೆಂ.ಮೀ. ಹೋಗುವುದರಿಂದ, ಅದರಿಂದ ಗುಣಿಸಿ 2ರಿಂದ ಭಾಗಿಸಿದರೆ 50 ಸೆಂ.ಮೀ. ಮಕ್ಕಳು ಎಡವುವುದು ಆ ಎರಡರಲ್ಲೇ. ಭಾಗಿಸಲು ಮರೆತರೆ ಅಂತರ ಇಮ್ಮಡಿಯಾಗುತ್ತದೆ. ಹೋಗಿ ಬರುವ ದಾರಿ ಎರಡೂ ಸೇರಿದೆ ಎಂಬುದು ಆಗ ತಲೆಗೆ ಹೋಗುತ್ತದೆ.

ಇದಕ್ಕಿಂತ ಸೊಗಸಾದ ಪಾಠ ಇನ್ನೊಂದಿದೆ. ನೀರು ಇದ್ದಷ್ಟೇ ಇದ್ದರೂ ಬೆಳಗಿನ ಚಳಿಯಲ್ಲಿ ಒಂದು ಅಂಕಿ, ಮಧ್ಯಾಹ್ನ ಇನ್ನೊಂದು. ಶಬ್ದದ ವೇಗ 20 ಡಿಗ್ರಿಯಲ್ಲಿ ಸೆಕೆಂಡಿಗೆ 343 ಮೀಟರ್, 30 ಡಿಗ್ರಿಯಲ್ಲಿ ಸುಮಾರು 349. ಪ್ರೋಗ್ರಾಮಿನಲ್ಲಿ 343 ಅಂತಲೇ ಬರೆದಿದ್ದರೆ ಒಂದು ಮೀಟರ್ ದೂರ 98 ಚಿಲ್ಲರೆ ಸೆಂ.ಮೀ. ಎಂದು ಕಾಣುತ್ತದೆ. ಉಷ್ಣತೆಯ ಸೆನ್ಸರನ್ನೂ ಜೋಡಿಸಿ, 331.3ಕ್ಕೆ ಡಿಗ್ರಿಯ 0.606 ಪಟ್ಟು ಕೂಡಿಸಿ ವೇಗ ತೆಗೆಯಲಿ. ಭೌತಶಾಸ್ತ್ರ, ಗಣಿತ, ಪ್ರೋಗ್ರಾಮಿಂಗ್ ಮೂರೂ ಒಂದೇ ಟ್ಯಾಂಕಿನ ಬಾಯಲ್ಲಿ ಸೇರುವುದು ಇಲ್ಲಿ. ಪರೀಕ್ಷೆಗೆ ಉರು ಹೊಡೆದ ಸೂತ್ರಕ್ಕೆ ಈ ಬೆಲೆ ಬರುವುದಿಲ್ಲ.

ಆದರೆ ಈ ಅಲ್ಟ್ರಾಸಾನಿಕ್ ಸೆನ್ಸರ್ ಮೇಲೆ ನೀರು ಬಿದ್ದರೆ ಆಗಿಬರುವುದಿಲ್ಲ. ಜಾಲರಿಯ ಮೇಲೆ ಹನಿ ಕೂತರೆ ಅಂಕಿಗಳು ಹುಚ್ಚುಚ್ಚಾಗಿ ಬರುತ್ತವೆ. ಕಾಯಂ ಆಗಿ ಇಡುವುದಾದರೆ ನೀರು ನುಗ್ಗದ ಜೆಎಸ್‌ಎನ್-ಎಸ್‌ಆರ್04ಟಿ ಬೇರೆ ಕೊಳ್ಳಿ. ಟ್ಯಾಂಕ್ ತುಂಬಿದಾಗಲೂ ಅದಕ್ಕೂ ನೀರಿಗೂ ಸುಮಾರು 25 ಸೆಂ.ಮೀ. ಬಿಡಬೇಕು.

ಎರಡು ಕಾಲಿನ ಮಣ್ಣಿನ ತೇವದ ಸೆನ್ಸರ್ ಮಾತ್ರ ನಿರಾಸೆ. ಅಡಿಕೆ ಬುಡದಲ್ಲಿ ನೆಟ್ಟು ಸದಾ ಕರೆಂಟು ಕೊಟ್ಟರೆ ವಿದ್ಯುದ್ವಿಭಜನೆಯಿಂದ ಲೋಹದ ಲೇಪ ಕರಗಿ ಕಾಲು ಸವೆಯುತ್ತದೆ. ಓದುವ ಕ್ಷಣಕ್ಕಷ್ಟೇ ಒಂದು ಡಿಜಿಟಲ್ ಪಿನ್‌ನಿಂದ ಕರೆಂಟು ಕೊಡಿ, ಇಲ್ಲವೇ ಲೋಹ ಮಣ್ಣಿಗೆ ತಾಗದ ಕೆಪಾಸಿಟಿವ್ ಸೆನ್ಸರ್ ತನ್ನಿ. ನಿಮ್ಮ ತೋಟದ್ದೇ ಮಣ್ಣನ್ನು ಪೂರ್ತಿ ಒಣಗಿಸಿ ಒಮ್ಮೆ, ನೀರು ಕುಡಿಸಿ ಒಮ್ಮೆ ಅಳೆದಿಟ್ಟುಕೊಳ್ಳದಿದ್ದರೆ ಬೋರ್ಡ್ ತೋರಿಸುವ 0ಯಿಂದ 1023ರ ಒಳಗಿನ ಅಂಕಿಗೆ ಅರ್ಥವಿಲ್ಲ.

ಮಳೆಗಾಲದಲ್ಲಿ ಪಿನ್‌ಗಳಿಗೆ ಕಿಲುಬು ಹಿಡಿಯದಂತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ. ಕರೆಂಟು ಹೋದಾಗ ಪವರ್ ಬ್ಯಾಂಕ್ ನೆಚ್ಚಿಕೊಂಡರೆ, ಬೋರ್ಡ್ ಎಳೆಯುವ ಕರೆಂಟು ತೀರಾ ಕಡಿಮೆಯೆಂದು ಹಲವು ಪವರ್ ಬ್ಯಾಂಕ್‌ಗಳು ತಾವಾಗಿಯೇ ಆಫ್ ಆಗುತ್ತವೆ. ಕೊಳ್ಳುವ ಮುಂಚೆ ಅದನ್ನು ಕೇಳಿಕೊಳ್ಳಿ.