ವಿಮಾನದ ದೂರ ಹೇಳುವ ವೆಬ್‌ಸೈಟ್: ದೂರ ಸರಿಯಾಗಿದೆ, ಹೊತ್ತು ಮಾತ್ರ ನಂಬಬೇಡಿ

ಕೆಎಸ್‌ಆರ್‌ಟಿಸಿಯಲ್ಲಿ ಮೂವತ್ತೊಂದು ವರ್ಷ ಕಂಡಕ್ಟರ್ ಆಗಿದ್ದೆ. ಜಾಸ್ತಿ ಓಡಾಡಿದ್ದು ಮೈಸೂರು–ಮಂಗಳೂರು ರೂಟ್‌ನಲ್ಲಿ. ದೂರ ಸುಮಾರು 250 ಕಿ.ಮೀ., ಮಡಿಕೇರಿ ದಾಟಿ ಹೋಗಬೇಕು, ಏಳು ಗಂಟೆ ಹಿಡಿಯುತ್ತಿತ್ತು. ಹಾಗಾಗಿ ಕಿಲೋಮೀಟರ್ ನೋಡಿ ಹೊತ್ತು ಹೇಳುವವರನ್ನು ಸುಮ್ನೆ ನಂಬುವವನಲ್ಲ ನಾನು. ಆದರೂ ಈ ಸಲ ಮೋಸ ಹೋದೆ.

ಮಗ ಇರುವುದು ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಫ್ರೀಮಾಂಟ್‌ನಲ್ಲಿ. ಮೇ ತಿಂಗಳಲ್ಲಿ ಹೊರಡುವ ಮುಂಚೆ, ಎರಡು ಊರಿನ ಹೆಸರು ಹಾಕಿದರೆ ವಿಮಾನದ ದೂರ, ಸಮಯ ಹೇಳುವ ಒಂದು ವೆಬ್‌ಸೈಟ್ ನೋಡಿದೆ. ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ 13,993 ಕಿ.ಮೀ., 15 ಗಂಟೆ 33 ನಿಮಿಷ ಎಂದು ತೋರಿಸಿತು.

ದೂರಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ನಕ್ಷೆಯಲ್ಲಿ ಗೆರೆ ಕಮಾನಿನ ಹಾಗೆ ಬಾಗಿ ಮೇಲಕ್ಕೆ ಹೋಗಿತ್ತು. ನನಗೆ ಅನುಮಾನ ಬಂತು. ಮನೆಯಲ್ಲಿದ್ದ ಗ್ಲೋಬ್ ತಂದು, ಹೆಂಡತಿ ಹೂ ಕಟ್ಟುವ ದಾರವನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ಎಳೆದೆ. ಬಿಗಿಯಾದ ದಾರ ತಾನಾಗಿಯೇ ಜಾರಿ ಟಿಬೆಟ್, ಮಂಗೋಲಿಯಾ, ಸೈಬೀರಿಯಾ ಹಿಡಿದು ಅಲಾಸ್ಕಾ ಮೇಲಿಂದ ಇಳಿಯಿತು. ಹತ್ತಿರದ ದಾರಿ ಅದೇ, ನಕ್ಷೆಯ ಗೆರೆ ಸರಿಯೇ ಇತ್ತು. "ಪೆಸಿಫಿಕ್ ಸಾಗರ ಎಲ್ಲಿ ಹೋಯ್ತು ರೀ?" ಎಂದಳು ಅವಳು.

ಎಡವಿದ್ದು ಸಮಯದಲ್ಲಿ. ಗಂಟೆಗೆ 900 ಕಿ.ಮೀ. ವೇಗ ಎಂದು ಹಿಡಿದು ದೂರವನ್ನು ಭಾಗಿಸಿದ್ದಾರೆ, ಅಷ್ಟೇ! ಸಂಪಾಜೆ ಘಾಟಿಗೂ ಶ್ರೀರಂಗಪಟ್ಟಣದ ರಸ್ತೆಗೂ ಒಂದೇ ವೇಗ ಹಾಕಿ ಟೈಂಟೇಬಲ್ ಬರೆದ ಹಾಗಾಯಿತು. ಗಾಳಿ ಎದುರಿಗಿದೆಯೋ ಹಿಂದಿದೆಯೋ, ಲೆಕ್ಕವೇ ಇಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಬಂತಲ್ಲ, ಪೈಲಟ್‌ಗಳೆಲ್ಲ ಹೆಂಗಸರೇ, ಅದಕ್ಕೂ ಸುಮಾರು 17 ಗಂಟೆ ಹಿಡಿದಿತ್ತು.

ನಮ್ಮದು ದುಬೈನಲ್ಲಿ ಬದಲಿಸುವ ಟಿಕೆಟ್. ಬೆಳಗಿನ ಜಾವ ನಾಲ್ಕೂವರೆಗೆ ಹೊರಟು ಅದೇ ದಿನ ಮಧ್ಯಾಹ್ನ ಒಂದೂ ಮುಕ್ಕಾಲಿಗೆ ಇಳಿಯುವುದು ಎಂದು ಅದರಲ್ಲಿತ್ತು. ಅದನ್ನು ನೋಡಿ, ಸೈಟ್ ಹೇಳಿದ್ದು ಹೆಚ್ಚುಕಮ್ಮಿ ಸರಿಯೇ ಎಂದುಕೊಂಡೆ. ಹೆಂಡತಿಯೂ ಕೈಚೀಲದಲ್ಲಿ ಬಿ.ಪಿ. ಮಾತ್ರೆ ಒಂದೇ ಒಂದು ಇಟ್ಟುಕೊಂಡಳು. ಉಳಿದದ್ದೆಲ್ಲ ದೊಡ್ಡ ಸೂಟ್‌ಕೇಸಿಗೆ.

ಸೋಮವಾರ ಸಂಜೆ ಆರಕ್ಕೆ ಮೈಸೂರಿನಲ್ಲಿ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಹೋಗುವ ಫ್ಲೈಬಸ್ ಹತ್ತಿದೆವು. ದುಬೈಗೆ ನಾಲ್ಕು ಗಂಟೆ, ಅಲ್ಲಿಂದ ಮುಂದೆ ಹದಿನಾರು. ಇಮಿಗ್ರೇಶನ್ ಸಾಲು ಬೇರೆ. ಮಗನ ಮನೆ ಸೇರಿದಾಗ ಮಂಗಳವಾರ ಸಂಜೆ ನಾಲ್ಕೂವರೆ. ಒಂದೇ ದಿನ ಅಲ್ವಾ ಅನ್ನಬೇಡಿ. ಆ ಹೊತ್ತಿಗೆ ಮೈಸೂರಿನಲ್ಲಿ ಬುಧವಾರ ಬೆಳಗಿನ ಐದು! ಬೇಸಿಗೆಯಲ್ಲಿ ಎರಡು ಊರಿಗೂ ಹನ್ನೆರಡೂವರೆ ಗಂಟೆ ವ್ಯತ್ಯಾಸ. ಮನೆಯಿಂದ ಮನೆಗೆ ಒಟ್ಟು 35 ಗಂಟೆ. ಎರಡನೇ ಮಾತ್ರೆ ಸಿಕ್ಕಿದ್ದು ಸೂಟ್‌ಕೇಸ್ ಬಿಚ್ಚಿದ ಮೇಲೆ.

ಐದಕ್ಕೆ ಮೂರು ಸ್ಟಾರ್, ಮೂರೂ ಆ ಬಾಗಿದ ಗೆರೆಗೆ. ವಾಪಸ್ ಹೊರಡುವಾಗ ಎಷ್ಟು ಹೊತ್ತಾಗುತ್ತೆ ಎಂದು ಹೆಂಡತಿ ಕೇಳಿದಳು. ಫೋನ್ ಮುಟ್ಟಲಿಲ್ಲ. "ಮೈಸೂರು–ಮಂಗಳೂರು ಐದು ಟ್ರಿಪ್" ಎಂದೆ. ಮಾತ್ರೆಯ ಇಡೀ ಸ್ಟ್ರಿಪ್ ಕೈಚೀಲಕ್ಕೆ ಹಾಕಿಕೊಂಡಳು.