ಆಯಿಲ್ ಕುಡಿಯುವ ಇಂಜಿನ್‌ಗೆ ಮೂರು ಮದ್ದು: ದಪ್ಪ ಆಯಿಲ್, ಬಾಟಲಿ ದ್ರಾವಣ, ವಾಲ್ವ್ ಸೀಲ್

1,46,000 ಕಿಲೋಮೀಟರ್ ಓಡಿದ್ದ 2011ರ ಪೆಟ್ರೋಲ್ ಕಾರೊಂದನ್ನು ತುಮಕೂರಿನಲ್ಲಿ ಕೊಂಡ ಎರಡೇ ತಿಂಗಳಿಗೆ, ಅದು ಸಾವಿರ ಕಿಲೋಮೀಟರಿಗೆ ಸುಮಾರು 700 ಮಿಲಿಲೀಟರ್ ಆಯಿಲ್ ಕುಡಿಯುತ್ತಿರುವುದು ನನಗೆ ತಿಳಿಯಿತು. ನಿಲ್ಲಿಸಿದ ಜಾಗದಲ್ಲಿ ಒಂದು ಹನಿಯೂ ಸೋರಿರಲಿಲ್ಲ. ಮೊದಲು ತೋರಿಸಿದ ಗ್ಯಾರೇಜಿನವರು ಬಾನೆಟ್ ಎತ್ತುವ ಮುಂಚೆಯೇ "ರಿಂಗ್ ಹೋಗಿದೆ, ಇಂಜಿನ್ ಇಳಿಸಬೇಕು" ಎಂದು 42,000 ರೂಪಾಯಿಯ ಲೆಕ್ಕ ಒಪ್ಪಿಸಿದರು. ರಿಂಗ್ ಎಂದರೆ ಸಿಲಿಂಡರಿನ ಒಳಗೋಡೆಗೆ ಒತ್ತಿಕೊಂಡು ಆಯಿಲ್ ಮೇಲೇರದಂತೆ, ಒತ್ತಡ ಸೋರದಂತೆ ತಡೆಯುವ ಪಿಸ್ಟನ್ನಿನ ಬಳೆ. ಅಷ್ಟು ಹಣ ಸುರಿಯುವ ಮೊದಲು ಅಗ್ಗದ ದಾರಿಗಳನ್ನು ಒಂದೊಂದಾಗಿ ಪರೀಕ್ಷಿಸಲು ನಿರ್ಧರಿಸಿದೆ.

ಕೈಪಿಡಿ ಹೇಳುವ ತೆಳು ದರ್ಜೆಯ 5ಡಬ್ಲ್ಯೂ-30 ಆಯಿಲ್ ಬದಲಿಗೆ ದಪ್ಪ ದರ್ಜೆಯ 20ಡಬ್ಲ್ಯೂ-50 ಹಾಕಿದಾಗ ಖರ್ಚು 450 ಮಿಲಿಲೀಟರಿಗೆ ಇಳಿಯಿತು. ಆದರೆ ದಪ್ಪ ಆಯಿಲ್ ಇಂಜಿನ್ನಿನ ತಲೆಭಾಗಕ್ಕೆ ಏರಲು ಹೆಚ್ಚು ಹೊತ್ತು ಹಿಡಿಯುವುದರಿಂದ, ಮುಂಜಾನೆ ಸ್ಟಾರ್ಟ್ ಮಾಡಿದೊಡನೆ ಮೂರು ನಾಲ್ಕು ಸೆಕೆಂಡು ಟಕಟಕ ಸದ್ದು ಕೇಳಿಸತೊಡಗಿತು. ಮೈಲೇಜೂ ಲೀಟರಿಗೆ ಒಂದು ಕಿಲೋಮೀಟರಿನಷ್ಟು ತಗ್ಗಿತು. ಇನ್ನು ಹಳೆಯ ಸೀಲ್‌ಗಳನ್ನು (ಆಯಿಲ್ ನುಸುಳದಂತೆ ತಡೆಯುವ ರಬ್ಬರ್ ಬಿರಡೆಗಳನ್ನು) ಮೆದುಗೊಳಿಸುತ್ತದೆಂದು ಮಾರುವ ಬಾಟಲಿ ದ್ರಾವಣದಿಂದ ಲೆಕ್ಕಕ್ಕೆ ಸಿಗುವಂಥ ವ್ಯತ್ಯಾಸವೇನೂ ಆಗಲಿಲ್ಲ.

ನಿಜವಾದ ಸುಳಿವು ಸಿಕ್ಕಿದ್ದು ದೇವರಾಯನದುರ್ಗದ ರಸ್ತೆಯಲ್ಲಿ. ಬೆಟ್ಟ ಹತ್ತುವಾಗ ಹಿಂದೆ ಬೈಕಿನಲ್ಲಿ ಬರುತ್ತಿದ್ದ ತಮ್ಮನಿಗೆ ಹೊಗೆಯೇ ಕಾಣಲಿಲ್ಲ. ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿದು, ತಪ್ಪಲಿನಲ್ಲಿ ಮತ್ತೆ ಒತ್ತಿದಾಗ ಮಾತ್ರ ನೀಲಿ ಹೊಗೆಯ ಮುದ್ದೆಯೊಂದು ಅವನ ಮುಖಕ್ಕೇ ಹೊಡೆಯಿತು. ಆಕ್ಸಿಲರೇಟರ್ ಬಿಟ್ಟಾಗ ಗಾಳಿಯ ದಾರಿ ಮುಚ್ಚಿಕೊಂಡು ಒಳಗಿನ ಹೀರುವಿಕೆ ಬಲವಾಗುತ್ತದೆ, ಆಗ ಸೆಟೆದುಕೊಂಡ ಸೀಲ್‌ಗಳನ್ನು ದಾಟಿ ಸಿಲಿಂಡರಿನ ಬಾಗಿಲಿನಂತಿರುವ ವಾಲ್ವಿನ ಕಾಂಡದ ಗುಂಟ ಆಯಿಲ್ ಸಿಲಿಂಡರಿಗಿಳಿಯುತ್ತದೆ. ರಿಂಗ್ ಸವೆದಿದ್ದರೆ ಹೊಗೆ ಸಾಮಾನ್ಯವಾಗಿ ಭಾರ ಬಿದ್ದಾಗ, ಅಂದರೆ ಏರಿನಲ್ಲಿಯೇ ಕಾಣಬೇಕಿತ್ತು.

ಮತ್ತೊಬ್ಬ ಮೆಕ್ಯಾನಿಕ್ ಕಂಪ್ರೆಷನ್ (ಸಿಲಿಂಡರಿನೊಳಗೆ ಅದುಮಿದ ಗಾಳಿಯ ಒತ್ತಡ) ಅಳೆದಾಗ ನಾಲ್ಕೂ ಸಿಲಿಂಡರುಗಳು 160ರಿಂದ 170 ಪಿಎಸ್‌ಐ ತೋರಿಸಿದವು. ರಿಂಗ್ ಸವೆದಿದ್ದರೆ ಸ್ಪಾರ್ಕ್ ಪ್ಲಗ್ ತೂತಿನಿಂದ ಬಿಟ್ಟ ಆಯಿಲ್ ಸಂದು ಮುಚ್ಚಿ ಅಂಕಿ ಏರಿಸುತ್ತದೆ; ಹಾಗೆ ಒಂದಿಷ್ಟು ಆಯಿಲ್ ಬಿಟ್ಟು ಅಳೆದರೂ ಅಂಕಿ ಹೆಚ್ಚೇನೂ ಏರದಿದ್ದರಿಂದ ರಿಂಗ್‌ಗಳ ಮೇಲಿನ ಅನುಮಾನ ಕಳೆಯಿತು. ಅವರು ಇಂಜಿನ್ ಇಳಿಸದೆ, ಅದರ ತಲೆಭಾಗವಾದ ಹೆಡ್ ಕೂಡ ಬಿಚ್ಚದೆ, ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿ ತುಂಬಿ ವಾಲ್ವ್‌ಗಳು ಒಳಗೆ ಬೀಳದಂತೆ ಹಿಡಿದು ಸೀಲ್‌ಗಳನ್ನು ಬದಲಿಸಿದರು. ತೆಗೆದ ಸೀಲ್‌ಗಳನ್ನು ಬೆರಳಲ್ಲಿ ಅದುಮಿದರೆ ಒಣ ಹುಣಸೆಹಣ್ಣಿನ ಸಿಪ್ಪೆಯಂತೆ ಪುಡಿಯಾದವು. ಇವನ್ನು ಯಾವ ದ್ರಾವಣ ತಾನೇ ಮೆದುಗೊಳಿಸೀತು? ಕೂಲಿ ಸೇರಿ 7,200 ರೂಪಾಯಿ ಆಯಿತು. ಈಗ ಕೈಪಿಡಿಯ ಆಯಿಲನ್ನೇ ಹಾಕಿದರೂ ಸಾವಿರ ಕಿಲೋಮೀಟರಿಗೆ 100 ಮಿಲಿಲೀಟರ್ ಸಹ ಇಳಿಯುವುದಿಲ್ಲ.

ಹಾಗೆಂದು ದಪ್ಪ ಆಯಿಲನ್ನು ನಾನು ತಳ್ಳಿಹಾಕುವುದಿಲ್ಲ. ಗುಬ್ಬಿಯಲ್ಲಿರುವ ನಮ್ಮ ಭಾವನವರ ಹಳೆಯ ಕಾರಿನಲ್ಲಿ ಎರಡು ಸಿಲಿಂಡರುಗಳ ಕಂಪ್ರೆಷನ್ 110ಕ್ಕೆ ಕುಸಿದಿದೆ, ಆಯಿಲ್ ಬಿಟ್ಟು ಅಳೆದರೆ ಅಂಕಿ ಏರುತ್ತದೆ; ಅಲ್ಲಿ ಹೋಗಿರುವುದು ರಿಂಗೇ. ಇನ್ನೊಂದು ವರ್ಷ ಓಡಿಸಿ ಗುಜರಿಗೆ ಹಾಕಲಿರುವ ಬಂಡಿಗೆ ಇಂಜಿನ್ ಕೆಲಸ ಮಾಡಿಸುವುದು ವ್ಯರ್ಥವೆಂದು, ನನ್ನಲ್ಲಿ ಉಳಿದಿದ್ದ 20ಡಬ್ಲ್ಯೂ-50 ಡಬ್ಬವನ್ನು ಅವರೇ ಒಯ್ದರು.